ಪಿಎಸ್5 ಇದ್ದವರಿಗೆ ಪಿಎಸ್5 ಪ್ರೊ ಬೇಕೇ?

ಸೋನಿಯ ಗೇಮ್ ಕನ್ಸೋಲ್ ಪಿಎಸ್5 (ಪ್ಲೇಸ್ಟೇಷನ್ 5) ಬಿಟ್ಟು ಅದರ ಹೆಚ್ಚು ಶಕ್ತಿಯ ಮಾದರಿ ಪ್ರೊ ಕೊಳ್ಳುವ ಮೊದಲು ನಿಮ್ಮ ಟಿವಿ ನೋಡಿ. ಅದು 1080ಪಿ (ಫುಲ್ ಎಚ್‌ಡಿ) ಆಗಿದ್ದರೆ ಪ್ರೊಗೆ ಸುರಿಯುವ ದುಡ್ಡಿನಲ್ಲಿ ಒಳ್ಳೆಯ 4ಕೆ ಟಿವಿ ಕೊಳ್ಳುವುದೇ ಮೇಲು.

2020ರ ಪಿಎಸ್5ನ ಜಿಪಿಯುನಲ್ಲಿ, ಅಂದರೆ ಚಿತ್ರ ಮೂಡಿಸುವ ಭಾಗದಲ್ಲಿ, 36 ಕಂಪ್ಯೂಟ್ ಯೂನಿಟ್‌ಗಳಿವೆ (ಲೆಕ್ಕ ಮಾಡುವ ಘಟಕಗಳು), 2024ರ ಪ್ರೊನಲ್ಲಿ 60. ರೆಂಡರಿಂಗ್ (ಚಿತ್ರ ಮೂಡಿಸುವ ಕೆಲಸ) ಶೇ. 45ರವರೆಗೆ ವೇಗ ಎನ್ನುತ್ತದೆ ಸೋನಿ. ಹಳೆಯದರಲ್ಲಿ ಅನೇಕ ಗೇಮ್‌ಗಳು ಎರಡರಲ್ಲೊಂದು ಆರಿಸಿ ಎನ್ನುತ್ತವೆ: ಸೆಕೆಂಡಿಗೆ 30 ಫ್ರೇಮ್‌ನ ಸ್ಪಷ್ಟ ಚಿತ್ರ, ಇಲ್ಲವೇ 60 ಫ್ರೇಮ್‌ನ ನಯವಾದ ಆಟ. ಎರಡನೆಯದರಲ್ಲಿ ದೂರದ ಎಲೆಗಳು ಮಸುಕು, ತಂತಿಬೇಲಿ ಮಿಣುಗುಟ್ಟುತ್ತದೆ. ಪ್ರೊನಲ್ಲಿರುವ ಪಿಎಸ್‌ಎಸ್‌ಆರ್ ಎಂಬ ತಂತ್ರ, ಕಡಿಮೆ ರೆಸಲ್ಯೂಷನ್‌ನ ಚಿತ್ರವನ್ನು ಎಐನಿಂದ ಹಿಗ್ಗಿಸಿ 60 ಫ್ರೇಮ್‌ನಲ್ಲೇ ಆ ಅಂಚುಗಳನ್ನು ಚೊಕ್ಕಟ ಮಾಡುತ್ತದೆ. ನಿಜವಾದ ಲಾಭ ಇದೇ. ಆದರೆ ನೀವಾಡುವ ಗೇಮ್‌ಗೆ ಪ್ರೊ ಅಪ್‌ಡೇಟ್ ಬಂದಿರಬೇಕು. ಕೊಳ್ಳುವ ಮೊದಲೇ ಪರಿಶೀಲಿಸಿ.

ಆಟದ ಉಳಿದ ಲೆಕ್ಕಾಚಾರ ನಡೆಸುವ ಸಿಪಿಯು ಮಾತ್ರ ಹೆಚ್ಚುಕಡಿಮೆ ಹಳೆಯದೇ, ಎಎಂಡಿಯ ಝೆನ್ 2 ಮಾದರಿಯದು. ಜನಸಂದಣಿಯ ದೃಶ್ಯದಲ್ಲಿ ಸಿಪಿಯು ಸೋತು ಆಟ ತಡವರಿಸುತ್ತಿದ್ದರೆ ಪ್ರೊನಲ್ಲೂ ಅದು ಪೂರ್ತಿ ಹೋಗದು.

ಜಾಗ ಸಾಲದೆಂದು ಬದಲಿಸಬೇಡಿ. ಹಳೆಯದರಲ್ಲಿ 825 ಜಿಬಿ, ಪ್ರೊನಲ್ಲಿ 2 ಟಿಬಿ ಇದೆಯಾದರೂ, ಹೆಚ್ಚುವರಿ ಸ್ಟೋರೇಜ್ ಜೋಡಿಸುವ ಎಂ.2 ಎಸ್‌ಎಸ್‌ಡಿ ಸ್ಲಾಟ್ ಎರಡರಲ್ಲೂ ಇದೆ. ಡಿಸ್ಕ್ ಗೇಮ್‌ಗಳಿದ್ದರೆ ಎಚ್ಚರ: ಪ್ರೊ ಜೊತೆ ಡಿಸ್ಕ್ ಡ್ರೈವ್ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು, ಮೊದಲ ಸಲ ಜೋಡಿಸಲು ಇಂಟರ್‌ನೆಟ್ ಬೇಕು.

4ಕೆ, 120 ಹರ್ಟ್ಜ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಟಿವಿ ಇದ್ದು 60 ಫ್ರೇಮ್‌ನ ಮಸುಕು ಕಣ್ಣಿಗೆ ಚುಚ್ಚುತ್ತಿದ್ದರೆ ಧಾರಾಳವಾಗಿ ಕೊಳ್ಳಿ. ಉಳಿದವರಿಗೆ ಈಗಿರುವುದೇ ಸಾಕು.