ಉರುಳೆಯ ಮೇಲಿನ ಹಲಗೆ: ಬ್ಯಾಲೆನ್ಸ್ ಬೋರ್ಡ್‌ನಿಂದ ಸರ್ಫಿಂಗ್ ಕಲಿಯುವವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬ್ಯಾಲೆನ್ಸ್ ಬೋರ್ಡ್ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವ ಸಾಧನಗಳು ನಿಜಕ್ಕೂ ಒಂದೇ ಬಗೆಯವಲ್ಲ. ಫಿಸಿಯೋಥೆರಪಿ ಕೇಂದ್ರಗಳಲ್ಲಿ ಕಾಣುವ, ಅಡಿಯಲ್ಲಿ ಅರ್ಧಗೋಲವಿರುವ ದುಂಡು ಹಲಗೆ ಎಲ್ಲ ದಿಕ್ಕುಗಳಿಗೂ ವಾಲುತ್ತದೆ. ಅಡಿಯಲ್ಲಿ ಬಾಗಿದ ಪಟ್ಟಿಗಳಿರುವ ಹಲಗೆ ಎರಡೇ ಕಡೆಗೆ ತೂಗುತ್ತದೆ. ಮೂರನೆಯದರಲ್ಲಿ ಹಲಗೆಯೂ ಉರುಳೆಯೂ ಬೇರೆಬೇರೆಯಾಗಿದ್ದು, ನೆಲದ ಮೇಲೆ ಉರುಳೆಯನ್ನಿಟ್ಟು, ಅದರ ಮೇಲೆ ಹಲಗೆಯನ್ನು ಅಡ್ಡಲಾಗಿರಿಸಿ ನಿಲ್ಲಬೇಕು. ಸರ್ಕಸ್ ಕಲಾವಿದರ ಹಳೆಯ ಕಸರತ್ತಾಗಿದ್ದ ಈ ಮೂರನೆಯ ಬಗೆಯೇ ಇಂದು ಸರ್ಫಿಂಗ್, ಸ್ಕೇಟ್‌ಬೋರ್ಡಿಂಗ್ ಕಲಿಯುವವರ ಮನೆಗಳಿಗೆ ಬಂದಿದೆ. ನಾನು ಬಳಸುತ್ತಿರುವುದೂ ಅದನ್ನೇ: ಸುಮಾರು 30 ಇಂಚು ಉದ್ದ, 18 ಇಂಚು ಅಗಲದ ಪ್ಲೈವುಡ್ ಹಲಗೆ, ಆರೂವರೆ ಇಂಚು ವ್ಯಾಸದ ಗಟ್ಟಿ ಪ್ಲಾಸ್ಟಿಕ್ ಉರುಳೆ.

ಇದನ್ನು ಕೊಳ್ಳಲು ನಮ್ಮ ಕರಾವಳಿಯ ಮಳೆಗಾಲವೇ ಕಾರಣ. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾದ ಮೇಲೆ, ಅದರಲ್ಲೂ 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಮೇಲೆ, ಮಂಗಳೂರಿನ ಸುತ್ತಮುತ್ತ ಅಲೆಯ ಮೇಲೆ ನಿಲ್ಲಲು ಕಲಿಯುವವರ ಸಂಖ್ಯೆ ಹೆಚ್ಚಿದೆ. ಆದರೆ ಮೀನುಗಳ ಸಂತಾನೋತ್ಪತ್ತಿಗೆಂದು ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಕ್ಕೆಯಲ್ಲಿ ತಂಗುವ ಆ 61 ದಿನಗಳಲ್ಲಿ ಕಡಲು ಹೊಸಬರು ಇಳಿಯುವ ಸ್ಥಿತಿಯಲ್ಲಿರುವುದಿಲ್ಲ. ಆಗಸ್ಟ್ ಪೂರ್ತಿ ಕಳೆದರೂ ಅಬ್ಬರ ತಗ್ಗಿರುವುದಿಲ್ಲ. ಮೇ ತಿಂಗಳವರೆಗೆ ಕಾಲಿಗೆ ಬಂದ ಹಿಡಿತವನ್ನು ಅಷ್ಟು ಕಾಲ ಉಳಿಸಿಕೊಳ್ಳುವುದು ಹೇಗೆ ಎಂಬುದು ಇಲ್ಲಿ ಕಲಿಯುವ ಪ್ರತಿಯೊಬ್ಬರ ಪ್ರಶ್ನೆ. ಈ ಹಲಗೆ ಅದಕ್ಕೆ ಅರ್ಧ ಉತ್ತರ ಎಂಬುದು ನನ್ನ ಅಭಿಪ್ರಾಯ, ಮತ್ತು ಆ ಅರ್ಧ ಯಾವುದೆಂದು ತಿಳಿದುಕೊಂಡೇ ಹಣ ಕೊಡಬೇಕು.

ಹಲಗೆಯ ಮೇಲೆ ಅಡ್ಡಲಾಗಿ, ಎರಡು ಪಾದಗಳನ್ನು ಅದರ ಎರಡು ತುದಿಗಳತ್ತ ಇರಿಸಿ ನಿಂತಾಗ ಉರುಳೆ ಹಲಗೆಯ ಉದ್ದಕ್ಕೇ ಓಡಾಡುತ್ತದೆ. ಅಂದರೆ ಇಲ್ಲಿ ಅಭ್ಯಾಸವಾಗುವುದು ದೇಹದ ಭಾರವನ್ನು ಮುಂದಿನ ಪಾದದಿಂದ ಹಿಂದಿನ ಪಾದಕ್ಕೆ, ಹಿಂದಿನದರಿಂದ ಮುಂದಿನದಕ್ಕೆ ಸಾಗಿಸುವ ಕ್ರಿಯೆ. ಅಲೆಯ ಮೇಲೆ ವೇಗ ಕುಂದಿದಾಗ ಮುಂಗಾಲಿಗೆ ಭಾರ ಕೊಡುವುದು, ಬೋರ್ಡಿನ ಮೂತಿ ನೀರಿಗೆ ಚುಚ್ಚಿಕೊಳ್ಳುವ ಸೂಚನೆ ಸಿಕ್ಕೊಡನೆ ಹಿಂಗಾಲಿಗೆ ಬರುವುದು ಇದೇ ಕ್ರಿಯೆ; ಮಳೆಗಾಲ ಮುಗಿದು ಮತ್ತೆ ನೀರಿಗಿಳಿದಾಗ ಈ ಭಾಗದಲ್ಲಿ ನನ್ನ ಕಾಲುಗಳಿಗೆ ಹಿಂಜರಿಕೆ ಇರಲಿಲ್ಲ. ಆದರೆ ಬೋರ್ಡನ್ನು ತಿರುಗಿಸುವುದು ಹಿಮ್ಮಡಿ ಮತ್ತು ಕಾಲ್ಬೆರಳುಗಳ ನಡುವಿನ ಒತ್ತಡದಿಂದ. ಆ ದಿಕ್ಕಿನಲ್ಲಿ ಉರುಳೆಯ ಹಲಗೆ ಅಲುಗುವುದೇ ಇಲ್ಲ. ಸ್ಕೇಟ್‌ಬೋರ್ಡಿಗೂ ಇದೇ ಮಾತು ಅನ್ವಯಿಸುತ್ತದೆ. ಈ ಕೊರತೆ ತುಂಬಬೇಕಾದರೆ ಉರುಳೆಯ ಬದಲು ಗಾಳಿ ತುಂಬಿದ ದುಂಡು ಮೆತ್ತೆಯನ್ನು ಹಲಗೆಯ ಕೆಳಗಿಡಬೇಕಾಗುತ್ತದೆ. ಅದನ್ನು ಪ್ರತ್ಯೇಕವಾಗಿ ಮಾರುತ್ತಾರೆ, ಮತ್ತು ನನ್ನ ಅನುಭವದಲ್ಲಿ ಅದರ ಉಪಯೋಗ ಉರುಳೆಗಿಂತ ಕಡಿಮೆಯಲ್ಲ. ಕೈಗಳಿಂದ ನೀರು ಹಿಂದೂಡುತ್ತ ಅಲೆಯ ವೇಗಕ್ಕೆ ಸಮನಾಗುವುದನ್ನೂ, ಮಲಗಿದ ಸ್ಥಿತಿಯಿಂದ ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದನ್ನೂ ಈ ಎರಡರಲ್ಲಿ ಯಾವುದೂ ಕಲಿಸದು.

ಮನೆಯ ವ್ಯಾಯಾಮವೆಂದು ನೋಡಿದರೆ ಇದರ ಬೆಲೆ ಇರುವುದು ಕಣಕಾಲಿನಲ್ಲಿ. ಹಲಗೆ ವಾಲಿದ ಸುದ್ದಿ ಸ್ನಾಯು ಮತ್ತು ಕೀಲುಗಳೊಳಗಿನ ನರತುದಿಗಳಿಂದ ಮಿದುಳಿಗೆ ಮುಟ್ಟಿ, ನಾವು ಯೋಚಿಸುವ ಮೊದಲೇ ಕಣಕಾಲಿನ ಸ್ನಾಯುಗಳು ಬಿಗಿಯುತ್ತವೆ. ಪದೇಪದೇ ಉಳುಕುವ ಕಾಲಿಗೆ ವೈದ್ಯರು ಸಮತೋಲನದ ಅಭ್ಯಾಸ ಸೂಚಿಸುವುದು ಈ ಕಾರಣಕ್ಕೆ. ಮೊಣಕಾಲು ಬಾಗಿಸಿ ನಿಂತರೆ ತೊಡೆ ಬೇಗನೆ ಉರಿಯುತ್ತದೆ. ಎರಡು ಕೈಗಳನ್ನು ಹಲಗೆಯ ಅಂಚಿಗೆ ಊರಿ, ದೇಹವನ್ನು ನೇರವಾಗಿ ಹಿಡಿದರೆ ಹೊಟ್ಟೆ ಮತ್ತು ಭುಜಗಳಿಗೆ ಒಳ್ಳೆಯ ಕೆಲಸ. ತೂಕ ಇಳಿಸುವ ಆಸೆಯಿಂದ ಇದನ್ನು ಕೊಳ್ಳುವುದು ಬೇಡ; ಅದಕ್ಕೆ ಬಿರುಸಿನ ನಡಿಗೆಯೇ ಮೇಲು.

ಇನ್ನು ನೆಲದ ವಿಷಯ. ನಯವಾದ ಟೈಲ್ಸಿನ ಮೇಲೆ ಉರುಳೆ ಉರುಳುವುದರ ಜೊತೆಗೆ ಜಾರುತ್ತದೆ ಕೂಡ, ಆಗ ಹಲಗೆ ಒಂದು ಕಡೆಗೂ ದೇಹ ಇನ್ನೊಂದು ಕಡೆಗೂ ಹೋಗುತ್ತದೆ. ಯೋಗದ ಮ್ಯಾಟ್ ಹಾಸಿದರೆ ಜಾರುವುದು ನಿಲ್ಲುತ್ತದೆ. ದಪ್ಪ ಜಮಖಾನೆ ಹಾಸಿದರೆ ಉರುಳೆ ನಿಧಾನವಾಗಿ, ಆರಂಭದ ವಾರಗಳಿಗೆ ಬಹಳ ಅನುಕೂಲ. ಹಲಗೆಯ ಒಂದು ತುದಿ ನೆಲಕ್ಕೆ ತಾಗಿರುವಾಗ ಮೊದಲು ಆ ತುದಿಯ ಮೇಲೆ ಪಾದವಿಟ್ಟು, ಆಮೇಲೆ ಎತ್ತರದ ತುದಿಗೆ ಇನ್ನೊಂದು ಪಾದ ಕೊಟ್ಟು, ಕಿಟಕಿಯ ಸರಳು ಹಿಡಿದುಕೊಂಡೇ ಭಾರ ಸಾಗಿಸಬೇಕು. ದೃಷ್ಟಿ ಎದುರಿನ ಗೋಡೆಯ ಮೇಲಿರಲಿ. ಪಾದ ನೋಡುತ್ತ ತಲೆ ಬಗ್ಗಿಸಿದರೆ ಸೊಂಟವೂ ಬಾಗಿ ಸಮತೋಲನ ತಪ್ಪುತ್ತದೆ. ಕಾಲಿನ ಅಡಿಯಿಂದ ಚಿಮ್ಮಿದ ಹಲಗೆ ಬಲವಾಗಿ ಬಡಿಯುವುದರಿಂದ ಹತ್ತಿರದಲ್ಲಿ ಗಾಜಿನ ಬೀರು, ಟೀಪಾಯಿ ಇರಬಾರದು, ಮಕ್ಕಳಂತೂ ಸುಳಿಯಲೇಬಾರದು. ತಲೆಸುತ್ತು ಇರುವವರಿಗೆ, ಮೂಳೆ ಸವೆದ ಹಿರಿಯರಿಗೆ ಉರುಳೆಯ ಹಲಗೆ ಖಂಡಿತ ತಕ್ಕುದಲ್ಲ.

ನನಗೆ ಬಂದ ಹಲಗೆಯ ತಯಾರಿಕೆಯ ಬಗ್ಗೆ ಎರಡು ಆಕ್ಷೇಪಗಳಿವೆ. ಉರುಳೆ ಹೊರಕ್ಕೆ ಹಾರದಂತೆ ಹಲಗೆಯ ಅಡಿಯ ಎರಡು ತುದಿಗಳಲ್ಲಿ ಕೂರಿಸಿದ ಅಡ್ಡಪಟ್ಟಿಗಳನ್ನು ಗಿಡ್ಡ ಸ್ಕ್ರೂಗಳಿಂದ ಬಿಗಿದಿದ್ದಾರೆ. ಉರುಳೆ ಬಡಿದಂತೆಲ್ಲ ಅವು ಸಡಿಲವಾಗುತ್ತವೆ. ಪಟ್ಟಿ ಕಿತ್ತುಬಂದರೆ ಬೀಳುವುದು ಖಚಿತವಾದ್ದರಿಂದ ಇದು ಸಣ್ಣ ದೋಷವಲ್ಲ. ಮೇಲ್ಮೈಗೆ ಅಂಟಿಸಿದ ಒರಟು ಹಾಳೆಯೂ ಕರಾವಳಿಯ ತೇವಕ್ಕೆ ಅಂಚಿನಲ್ಲಿ ಏಳತೊಡಗಿತು. ಬರಿಯ ವಾರ್ನಿಷ್ ಬಳಿದ ಹಲಗೆ ಬರಿಗಾಲಿಗೆ ಇದಕ್ಕಿಂತ ವಾಸಿ.

ಹೆಸರಾಂತ ವಿದೇಶಿ ತಯಾರಕರ ಹಲಗೆಗೆ ಆಮದು ಸುಂಕವೂ ಸೇರಿ ಆಗುವ ವೆಚ್ಚ ಹೊಸಬರಿಗೆ ಅನಗತ್ಯ ಎಂದು ನನಗನಿಸುತ್ತದೆ. ಪರಿಚಯದ ಬಡಗಿಯಿದ್ದರೆ 18 ಮಿಲಿಮೀಟರ್ ದಪ್ಪದ ಮೆರೈನ್ ಪ್ಲೈವುಡ್‌ನಲ್ಲಿ ಹಲಗೆ ಕೊಯ್ಯಿಸಿ, ಅಡ್ಡಪಟ್ಟಿಗಳನ್ನು ಅಂಟು ಮತ್ತು ನಟ್ಟು-ಬೋಲ್ಟು ಎರಡರಿಂದಲೂ ಕೂರಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 160 ಮಿಲಿಮೀಟರ್‌ನ ದಪ್ಪಗೋಡೆಯ ಪಿವಿಸಿ ಪೈಪಿನ ತುಂಡನ್ನು ಉರುಳೆಯಾಗಿ ಬಳಸಬಹುದು. ಉಳಿದ ಹಣಕ್ಕೆ ಗಾಳಿಮೆತ್ತೆ ಬರುತ್ತದೆ.