ಕ್ರೂಶಿಯಲ್ ಎಂಎಕ್ಸ್500 ಎಸ್‌ಎಸ್‌ಡಿ, 500 ಜಿಬಿ: ಕೆಲವು ಮಳೆಗಾಲ ಕಳೆದ ಮೇಲೆ

ಬಳಕೆ: ಮಂಗಳೂರು, ದಿನವಿಡೀ ಆನ್ ಇರುವ ಡೆಸ್ಕ್‌ಟಾಪ್, ವಿಂಡೋಸ್ 10. ಮೊದಲಿದ್ದದ್ದು 1 ಟಿಬಿ ಹಾರ್ಡ್‌ಡಿಸ್ಕ್, ಅದರ ಬದಲಿಗೆ ಹಾಕಿದ್ದು ಈ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್).

ವೇಗದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕಂಪನಿ ಹೇಳುವ ಸೆಕೆಂಡಿಗೆ 560 ಎಂಬಿ ರೀಡ್ ಸಿಗಬೇಕಾದರೆ ಸಾಟಾ-3 ಪೋರ್ಟ್ (ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಸಿಕ್ಕಿಸುವ ಜಾಗ) ಬೇಕು. ಹಳೇ ಸಾಟಾ-2 ಆದರೆ ಹತ್ತಿರ ಹತ್ತಿರ ಅರ್ಧ. ಆದರೂ ಹಳೇ ಬೋರ್ಡಿಗೂ ಲಾಭ ಉಂಟು, ಯಾಕಂದರೆ ಹಾರ್ಡ್‌ಡಿಸ್ಕ್ ಒದ್ದಾಡುವುದು ಸಣ್ಣ ಸಣ್ಣ ಫೈಲ್ ಹುಡುಕುವುದರಲ್ಲಿ. ಡಬ್ಬದಲ್ಲಿ ಡ್ರೈವ್ ಮತ್ತು ಲ್ಯಾಪ್‌ಟಾಪಿಗಾಗಿ ಅದನ್ನು 9.5 ಮಿಮೀ ದಪ್ಪ ಮಾಡುವ ಸ್ಪೇಸರ್ ಮಾತ್ರ. ಸಾಟಾ ಕೇಬಲ್, ಬ್ರಾಕೆಟ್ ಬೇರೆ ತನ್ನಿ.

ತಲೆಬಿಸಿ ಇರುವುದು ಹಳೇ ಡಿಸ್ಕಿನ ವಿಂಡೋಸನ್ನು ಇದ್ದ ಹಾಗೇ ಹೊಸದಕ್ಕೆ ಸಾಗಿಸುವುದರಲ್ಲಿ, ಅಂದರೆ ಕ್ಲೋನ್ ಮಾಡುವುದರಲ್ಲಿ. ಡೇಟಾ ಬರೀ 200 ಜಿಬಿ ಇದ್ದರೂ, ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾದರೆ ಡಿಸ್ಕ್ ನಕಲು ಮಾಡುವ ತಂತ್ರಾಂಶ ಕ್ಲೋನ್‌ಜಿಲ್ಲಾ ಸುಮ್ಮನೆ ಒಪ್ಪುವುದಿಲ್ಲ. ಮೊದಲು ಸಿ ಡ್ರೈವ್ ಕುಗ್ಗಿಸಬೇಕು. ಅದು ಅರ್ಧದಲ್ಲೇ ನಿಂತರೆ ಅಲುಗಾಡದ ಫೈಲ್‌ಗಳು ಅಡ್ಡ ಕೂತಿವೆ ಅಂತ ಅರ್ಥ: ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಕ್ರೂಶಿಯಲ್ ಉಚಿತವಾಗಿ ಕೊಡುವ ಅಂಥದ್ದೇ ತಂತ್ರಾಂಶ ಆಕ್ರೊನಿಸ್ ಈ ಅಳತೆಯನ್ನು ತಾನೇ ಹೊಂದಿಸ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಮೊದಲೇ ಆಫ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸಿ ಒಂದನ್ನೇ ನಕಲು ಮಾಡಿದರೆ ಬೂಟ್ ಆಗುವುದಿಲ್ಲ, ಬೂಟ್ ಫೈಲ್‌ಗಳಿರುವ ಸಣ್ಣ ಇಎಫ್‌ಐ ಪಾರ್ಟಿಶನ್ ಕೂಡ ಬರಬೇಕು.

ಕ್ಲೋನ್ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕಿನ ಕೇಬಲ್ ಕಡ್ಡಾಯವಾಗಿ ಕಳಚಿ. ಎರಡಕ್ಕೂ ಒಂದೇ ಗುರುತು ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡ್ತದೆ, ಇಲ್ಲವೇ ಸದ್ದಿಲ್ಲದೆ ಹಳೆಯದರಿಂದಲೇ ಬೂಟ್ ಆಗ್ತದೆ. ‘ಎಸ್‌ಎಸ್‌ಡಿ ಹಾಕಿದರೂ ಸ್ಪೀಡ್ ಇಲ್ಲ ಮಾರಾಯ್ರೆ’ ಎನ್ನುವವರಲ್ಲಿ ಕೆಲವರ ಕಥೆ ಇದೇ. ನೀಲಿ ಪರದೆ ಬಂದರೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್) ಎಎಚ್‌ಸಿಐ, ಅಂದರೆ ಸಾಟಾ ಡಿಸ್ಕ್ ನಡೆಸುವ ಮೋಡ್, ಬದಲಾಗಿದೆಯಾ ನೋಡಿ. ಡಿಫ್ರಾಗ್ ವಿಂಡೋದಲ್ಲಿ ಇನ್ನೂ ಹಾರ್ಡ್‌ಡಿಸ್ಕ್ ಅಂತಲೇ ತೋರಿಸಿದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ವಿನ್‌ಸ್ಯಾಟ್ ಫಾರ್ಮಲ್’ (winsat formal) ಓಡಿಸಿದರೆ ಸಾಮಾನ್ಯವಾಗಿ ಸರಿಯಾಗ್ತದೆ.

ಬಾಳಿಕೆ? ವಾರಂಟಿ 5 ವರ್ಷ ಅಥವಾ 180 ಟಿಬಿ ಬರೆಯುವವರೆಗೆ. ದಿನಕ್ಕೆ 20 ಜಿಬಿ ಬರೆದರೂ ಅಷ್ಟು ಮುಗಿಯಲು 24 ವರ್ಷ ದಾಟ್ತದೆ, ಅದಕ್ಕೆ ನಿದ್ದೆಗೆಡುವುದು ಬೇಡ. ಕರಾವಳಿಯಲ್ಲಿ ಕಾಟ ಬೇರೆ. ಗುಡುಗು ಸಿಡಿಲಿಗೆ ಕರೆಂಟ್ ಹೋದ ಹಾಗೆಲ್ಲ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 174ನೇ ಅಂಕಿ (ಅಲ್ಲಿ AE ಅಂತ ಕಾಣ್ತದೆ), ಅಂದರೆ ಹಠಾತ್ ಪವರ್ ಹೋದ ಲೆಕ್ಕ, ಏರ್ತದೆ. ಈ ಡ್ರೈವ್‌ನಲ್ಲಿರುವ ರಕ್ಷಣೆ ಆಗಲೇ ಬರೆದು ಮುಗಿದ ಡೇಟಾಕ್ಕೆ. ಆ ಕ್ಷಣ ಬರೆಯುತ್ತಿದ್ದದ್ದು ಹೋಯ್ತೆಂದರೆ ಹೋಯ್ತು. ಹಾಗಾಗಿ ಸಣ್ಣದಾದರೂ ಒಂದು ಯುಪಿಎಸ್ ಬೇಕೇ ಬೇಕು.

ಇನ್ನೊಂದು ಅಂಕಿ 199 (ಅಲ್ಲಿ C7), ಸಿಆರ್‌ಸಿ ಎರರ್, ಅಂದರೆ ಡೇಟಾ ದಾರಿಯಲ್ಲಿ ಕೆಟ್ಟ ಲೆಕ್ಕ. ಇದು ಏರಿದರೆ ಡ್ರೈವನ್ನು ಬೈಯಬೇಡಿ, ಹೆಚ್ಚಾಗಿ ತಪ್ಪು ಕೇಬಲಿನದು. ಉಪ್ಪುಗಾಳಿಗೆ ಕನೆಕ್ಟರ್ ಮಂಕಾಗ್ತದೆ, ಸಡಿಲ ಕೇಬಲ್ ಇನ್ನೂ ಕಷ್ಟ. ಲಾಕ್ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ. ಹಳೇ ಲೆಕ್ಕ ಸೊನ್ನೆಗೆ ಇಳಿಯುವುದಿಲ್ಲ, ಮತ್ತೆ ಏರದಿದ್ದರೆ ಆಯ್ತು.