ಡಬ್ಲಿನ್‌ನ ಕಾಲಿನ್ಸ್ ಬ್ಯಾರಕ್ಸ್ ಮ್ಯೂಸಿಯಂ: ಅಪ್ಪ ದೋಣಿ ಬಿಟ್ಟು ಕದಲಲಿಲ್ಲ

ಹಾಸನದಿಂದ ಅಪ್ಪ ಬಂದು ಎರಡು ವಾರವಾಗಿತ್ತು. ಐರ್ಲೆಂಡಿನ ಸ್ವಾತಂತ್ರ್ಯದ ಕಥೆ ಹೇಳುತ್ತಾ ಊರು ಸುತ್ತಿಸುವ ಟೂರ್ ಒಂದಕ್ಕೆ ಇಬ್ಬರಿಗೂ ಸೇರಿ 36 ಯೂರೋ ಕೊಟ್ಟು ಹೋದೆವು. ಯಾರ ಟೂರ್ ಅಂತ ಬೇಡ ಬಿಡಿ. ಮಳೆ ಶುರುವಾದದ್ದೇ ಗೈಡ್ ನಮ್ಮನ್ನು ಓಡಿಸಿಕೊಂಡೇ ಹೋದ. 1916ರ ಈಸ್ಟರ್ ವಾರ ಬ್ರಿಟಿಷರ ವಿರುದ್ಧ ದಂಗೆ ನಡೆದ ಪೋಸ್ಟ್ ಆಫೀಸಿನ ಮುಂದೆ ಅಪ್ಪ, "ಇವರಿಗೆ ಬಂದೂಕು ಎಲ್ಲಿಂದ ಬಂತು, ಕೇಳು ಪುಟ್ಟಿ" ಅಂದರು. ಕೇಳಿದೆ. "ಜರ್ಮನಿ" ಅಂದವನೇ ಮುಂದೆ ನಡೆದ.

ಉಳಿದ ಉತ್ತರ ಸಿಕ್ಕಿದ್ದು ಮಾರನೇ ಶನಿವಾರ, ಟಿಕೆಟ್ಟೇ ಇಲ್ಲದ ಕಾಲಿನ್ಸ್ ಬ್ಯಾರಕ್ಸ್‌ನಲ್ಲಿ. ಲುವಾಸ್ ಟ್ರಾಮಿನ ಕೆಂಪು ಲೈನ್ ಹತ್ತಿ 'ಮ್ಯೂಸಿಯಂ' ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಇದೆ. ಬ್ರಿಟಿಷ್ ಸೈನ್ಯದ ಹಳೇ ಬ್ಯಾರಕ್ಸ್ ಇದು. 1922ರಲ್ಲಿ ಐರಿಷರ ಕೈಗೆ ಬಂತು.

ಇಲ್ಲಿ ಪೀಠೋಪಕರಣ, ಬೆಳ್ಳಿ ಸಾಮಾನು, ಬಟ್ಟೆ ಎಲ್ಲ ಇವೆ. ನಾವು ಅವನ್ನು ನೋಡಲೇ ಇಲ್ಲ. ಅಸ್ಗಾರ್ಡ್ ಅನ್ನುವ ಹಾಯಿದೋಣಿಯ ಮುಂದೆ ನಿಂತ ಅಪ್ಪ ಒಂದೂವರೆ ಗಂಟೆ ಅಲ್ಲಿಂದ ಅಲ್ಲಾಡಲಿಲ್ಲ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಗಾಡಿ ಯಾವುದೇ ಇರಲಿ, ಮೊದಲು ಬಗ್ಗಿ ಅಡಿಭಾಗ ನೋಡುತ್ತಾರೆ. ನೀರಿಲ್ಲದೆ ನಿಲ್ಲಿಸಿರುವ ದೋಣಿಯಲ್ಲಿ ಅದಕ್ಕೆ ಒಳ್ಳೇ ಅವಕಾಶ.

ದೋಣಿ ಕಟ್ಟಿದ್ದು ನಾರ್ವೆಯಲ್ಲಿ, 1905ರಲ್ಲಿ. ಉದ್ದ ಸುಮಾರು 51 ಅಡಿ. ಲಂಡನ್ನಿನಲ್ಲಿ ಹುಟ್ಟಿದ ಲೇಖಕ ಅರ್ಸ್ಕಿನ್ ಚಿಲ್ಡರ್ಸ್‌ಗೆ ಅಮೆರಿಕದ ಬಾಸ್ಟನ್ನಿನ ಮಾವನ ಮನೆಯವರು ಕೊಟ್ಟ ಮದುವೆ ಉಡುಗೊರೆ. 1914ರಲ್ಲಿ ಐರಿಷ್ ಹೋರಾಟಗಾರರಿಗೆಂದು ಲಂಡನ್ನಿನ ಒಂದು ಸಣ್ಣ ಸಮಿತಿ ಸುಮಾರು 1,500 ಪೌಂಡ್ ಕೂಡಿಸಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1,500 ಬಂದೂಕು ಕೊಂಡಿತು. ಎಲ್ಲಾ ಹಳೇ ಮೌಸರ್‌ಗಳು, ಒಂದು ಸಲಕ್ಕೆ ಒಂದೇ ಗುಂಡು. ಅವುಗಳಲ್ಲಿ 900 ಬಂದೂಕು, 29,000 ತೋಟಾ ಈ ದೋಣಿಯಲ್ಲಿ ಬಂದವು. ನಡುಸಮುದ್ರದಲ್ಲಿ ಜರ್ಮನ್ ಟಗ್‌ನಿಂದ (ಹಡಗು ಎಳೆಯುವ ದೋಣಿ) ಇಳಿಸಿಕೊಂಡು, ದಾರಿಯಲ್ಲಿ ಬ್ರಿಟಿಷ್ ಯುದ್ಧನೌಕೆಗಳ ನಡುವೆಯೇ ನುಸುಳಿ, ಜುಲೈ 26ಕ್ಕೆ ಡಬ್ಲಿನ್ ಪಕ್ಕದ ಹೋತ್ ಬಂದರು ಸೇರಿದರು. ಒಂಬತ್ತು ದಿನಕ್ಕೆ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ!

ದೋಣಿಯಲ್ಲಿದ್ದವರು ಆರು ಜನ. ಚಿಲ್ಡರ್ಸ್, ಹೆಂಡತಿ ಮಾಲಿ, ಅವರ ಗೆಳತಿ ಮೇರಿ ಸ್ಪ್ರಿಂಗ್ ರೈಸ್, ಐರ್ಲೆಂಡಿನ ಡೊನೆಗಾಲ್ ಕಡೆಯ ಇಬ್ಬರು ಮೀನುಗಾರರು, ಜೊತೆಗೆ ಬ್ರಿಟಿಷ್ ಸೈನ್ಯದ್ದೇ ಒಬ್ಬ ಅಧಿಕಾರಿ. "ಇವರು ಮಲಗಿದ್ದೆಲ್ಲಿ?" ಅಂದರು ಅಪ್ಪ. ಬಂದೂಕಿನ ರಾಶಿ ಮೇಲೆ ಹಾಸಿಗೆ ಹಾಸಿಕೊಂಡು. ಮೌಸರ್ ತೂಕ ಎಷ್ಟು ಅಂತ ನನ್ನ ಫೋನಿನಲ್ಲಿ ಹುಡುಕಿಸಿದರು. ನಾಲ್ಕೂವರೆ ಕೆ.ಜಿ. "ಅಂದ್ರೆ ಬಂದೂಕೇ ನಾಲ್ಕು ಟನ್. ತೋಟಾ ಬೇರೆ. ಜಾತ್ರೆ ದಿನದ ಬಸ್ಸಿಗಿಂತ ಜಾಸ್ತಿ ಲೋಡು!"

ನನಗೆ ಈ ಮ್ಯೂಸಿಯಂ ಹಿಡಿಸಿದ್ದು ಇದಕ್ಕೇ. ಹೊರದೇಶದ ಸಹಾಯ ಅಂದರೆ ನಾನು ದೊಡ್ಡ ಹಡಗು, ಸೈನ್ಯ ಅಂತೆಲ್ಲ ಅಂದುಕೊಂಡಿದ್ದೆ. ದೊಡ್ಡವು ಹೊರಟಿದ್ದೂ ನಿಜ. 1796ರಲ್ಲಿ ಫ್ರಾನ್ಸಿನಿಂದ ಸುಮಾರು 14,000 ಸೈನಿಕರು ಐರ್ಲೆಂಡಿನ ಬ್ಯಾಂಟ್ರಿ ಕೊಲ್ಲಿವರೆಗೆ ಬಂದು, ಬಿರುಗಾಳಿಗೆ ಸಿಕ್ಕಿ ಇಳಿಯಲಾಗದೆ ವಾಪಸ್ ಹೋದರು. ಅವರನ್ನು ಕರೆತಂದ ಐರಿಷ್ ಕ್ರಾಂತಿಕಾರಿ ವುಲ್ಫ್ ಟೋನ್ 1798ರಲ್ಲಿ ಇನ್ನೊಂದು ಫ್ರೆಂಚ್ ಹಡಗಿನಲ್ಲಿ ಸಿಕ್ಕಿಬಿದ್ದ. ಅವನ ವಿಚಾರಣೆ ನಡೆದದ್ದು ಇದೇ ಬ್ಯಾರಕ್ಸ್‌ನಲ್ಲಿ. ಫ್ರೆಂಚ್ ಸಮವಸ್ತ್ರ ತೊಟ್ಟೇ ಬಂದಿದ್ದ, ನೇಣು ಬೇಡ, ಗುಂಡಿಟ್ಟು ಕೊಲ್ಲಿ ಅಂದ. ಒಪ್ಪಲಿಲ್ಲ. ಕತ್ತು ಕೊಯ್ದುಕೊಂಡು ಇಲ್ಲೇ ಸತ್ತ. ಇನ್ನು 1916ರಲ್ಲಿ ಜರ್ಮನಿ ನಾರ್ವೆ ಹಡಗಿನ ವೇಷ ಹಾಕಿಸಿ ಕಳಿಸಿದ 'ಆಡ್' ಹಡಗಿನಲ್ಲಿ 20,000 ಬಂದೂಕು ಇದ್ದವು. ಬ್ರಿಟಿಷರ ಕೈಗೆ ಸಿಕ್ಕಿತು. ಕಾರ್ಕ್ ಬಂದರಿನ ಹೊರಗೆ ಕ್ಯಾಪ್ಟನ್ನೇ ಅದನ್ನು ಮುಳುಗಿಸಿಬಿಟ್ಟ. ಕೊನೆಗೆ ಆ ಈಸ್ಟರ್ ವಾರ ಡಬ್ಲಿನ್ ಬೀದಿಯಲ್ಲಿ ಸಿಡಿದದ್ದು ಈ ಉಡುಗೊರೆ ದೋಣಿಯಲ್ಲಿ ಬಂದ ಹಳೇ ಬಂದೂಕುಗಳೇ. (ಅಮೆರಿಕದ ದುಡ್ಡಿನ ವಿಷಯ ಬೇರೆ. ಐರಿಷ್ ನಾಯಕ ಡಿ ವಲೇರಾ ಅಲ್ಲಿ ಬಾಂಡ್ ಮಾರಿ 50 ಲಕ್ಷ ಡಾಲರಿಗೂ ಹೆಚ್ಚು ಎತ್ತಿದ.)

ಚಿಲ್ಡರ್ಸ್ ಕಥೆ ಓದುವಾಗ ಮಾತ್ರ ಹೊಟ್ಟೆ ಚುರ್ ಅಂತು. ಬಂದೂಕು ತಂದುಕೊಟ್ಟವನನ್ನು 1922ರ ಅಂತರ್ಯುದ್ಧದಲ್ಲಿ ಐರಿಷ್ ಸರ್ಕಾರವೇ ಗುಂಡಿಟ್ಟು ಕೊಂದಿತು. ಅವನ ಮಗ 1973ರಲ್ಲಿ ಐರ್ಲೆಂಡಿನ ರಾಷ್ಟ್ರಪತಿಯಾದ.

ರಾಷ್ಟ್ರಪತಿ ಅಂದಕೂಡಲೇ ಅಪ್ಪನಿಗೆ ವಿ.ವಿ. ಗಿರಿ ನೆನಪಾದರು. ಅಪ್ಪ ಹೈಸ್ಕೂಲಿನಲ್ಲಿದ್ದಾಗ ಗಿರಿ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರು. 1913ರಿಂದ 1916ರವರೆಗೆ ಅವರು ಓದಿದ್ದು ಇದೇ ಡಬ್ಲಿನ್‌ನಲ್ಲಿ. ಐರಿಷ್ ಹೋರಾಟಗಾರರ ಸಹವಾಸ ಅಂತ ಬ್ರಿಟಿಷರು ಊರು ಬಿಡಿಸಿದರು. "ಈ ಬಂದೂಕು ಬಂದಾಗ ಅವರು ಇಲ್ಲೇ ಇದ್ರು ಹಾಗಾದ್ರೆ" ಅಂತ ಅಪ್ಪ ಪಕ್ಕದಲ್ಲಿದ್ದ ಕಾವಲಿನವರಿಗೂ ಹೇಳಿದರು, ಕನ್ನಡದಲ್ಲೇ. ಆತ ನಗುತ್ತಾ ತಲೆಯಾಡಿಸಿದ.

ಹೋಗುವವರಿಗೆ: ಮೂರು ಗಂಟೆ ಇಟ್ಟುಕೊಳ್ಳಿ, ದೋಣಿಯಿಂದಲೇ ಶುರು ಮಾಡಿ. ಭಾನುವಾರ, ಸೋಮವಾರ ಬೆಳಗ್ಗೆ ಹೋಗಬೇಡಿ, ತೆರೆಯುವುದು ಮಧ್ಯಾಹ್ನ. ನಾನಂತೂ ಐದಕ್ಕೆ ಐದು ಕೊಡುತ್ತೇನೆ. ಅಪ್ಪ ನಾಲ್ಕೂವರೆ ಕೊಟ್ಟರು, ದೋಣಿ ಒಳಗೆ ಹತ್ತಲು ಬಿಡಲಿಲ್ಲವಂತೆ. ಮುಂದಿನ ವಾರ ಡಾರ್ಟ್ ರೈಲಿನಲ್ಲಿ ಹೋತ್‌ಗೆ ಹೋಗಬೇಕಂತೆ. ನಾಲ್ಕು ಟನ್ ಲೋಡು ಹೊತ್ತ ದೋಣಿ ಆ ಕಟ್ಟೆಗೆ ಹೇಗೆ ಬಂದು ನಿಂತಿರಬಹುದು ಅಂತ ನೋಡಬೇಕಂತೆ.